ಅಡುಗೆಮನೆಯ ಬಾಗಿಲಲ್ಲಿ ನಿಂತವಳು

ಮಧ್ಯಾಹ್ನದ ಊಟದವರು ಎದ್ದುಹೋಗಿ ಸಂಜೆಯ ದೋಸೆಕಾವಲಿ ಕಾಯುವವರೆಗೆ ನಮ್ಮ ಹೋಟೆಲಿಗೆ ತೂಕಡಿಕೆ. ಹೋಟೆಲಿಗೇನು, ಸೂರತ್ತಿಗೇ ತೂಕಡಿಕೆ. ನಮ್ಮ ಅಡಾಜಣ್ ಬಡಾವಣೆಯ ಅಂಗಡಿಗಳ ಶಟರುಗಳು ಅರ್ಧಕ್ಕೆ ಇಳಿದು, ಒಳಗೆ ಮಲಗಿದ ಯಜಮಾನರ ಪಾದ ಮಾತ್ರ ಕಾಣುತ್ತಿರುತ್ತದೆ. ಮದುವೆಯಾಗಿ ಉಡುಪಿ ಕಡೆಯಿಂದ ಇಲ್ಲಿಗೆ ಬಂದ ಹೊಸತರಲ್ಲಿ, ಹಾಡಹಗಲೇ ಊರಿಗೆ ಊರೇ ಮಲಗುವುದನ್ನು ಕಂಡು ನನಗೆ ಮೈ ಉರಿಯುತ್ತಿತ್ತು. ಈಗ ದಿನದಲ್ಲಿ ಎಲ್ಲಕ್ಕಿಂತ ಇಷ್ಟದ ಹೊತ್ತು ಅದೇ. ಕಾರಣ ಕೇಳಿದರೆ ನಗಬೇಡಿ, ಆ ಹೊತ್ತಿನಲ್ಲಿ ನಾನು ಒಂದು ದೆವ್ವಕ್ಕೆ ಅನ್ನ ಬಡಿಸುವುದನ್ನು ಕಲಿತೆ. ಕಲಿಸಿದವಳು ನನ್ನ ಮಗಳು, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ಹೋಟೆಲು ಕೆಳಗೆ, ಮನೆ ಅದರ ಮೇಲಿನ ಮಹಡಿಯಲ್ಲಿ. ಕೆಳಗೆ ಸಾಂಬಾರಿಗೆ ಒಗ್ಗರಣೆ ಬಿದ್ದರೆ ನಮ್ಮ ಮಲಗುವ ಕೋಣೆಯ ಪರದೆಗೂ ಗೊತ್ತಾಗುತ್ತದೆ. ಗಲ್ಲಾ ನೋಡಿಕೊಳ್ಳುವವರು ನನ್ನ ಗಂಡ. ಬಡಿಸುವವರ ಮೇಲೆ ಕಣ್ಣಿಡುವುದು, ಅಡುಗೆಯವರೊಂದಿಗೆ ಜಗಳವಾಡುವುದು ನನ್ನ ಪಾಲಿನ ಕೆಲಸ. ಇಬ್ಬರಿಗೂ ಅವರವರ ಕೆಲಸ ಚೆನ್ನಾಗಿ ಒಗ್ಗಿದೆ. ಮಗಳು ಒಬ್ಬಳೇ, ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲಿಯೇ. ಅವಳ ಕನ್ನಡ ನಮ್ಮಿಬ್ಬರ ನಡುವೆ ಮಾತ್ರ ಓಡಾಡುವ ಕನ್ನಡ. ಅರ್ಧ ದಾರಿಯಲ್ಲಿ ಸುಸ್ತಾದರೆ ಗುಜರಾತಿಯದ್ದೋ ಹಿಂದಿಯದ್ದೋ ಕೈ ಹಿಡಿದುಕೊಂಡು ಮನೆ ಸೇರುತ್ತದೆ. ಅವಳು ವಡೋದರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಚಿತ್ರಕಲೆ ಓದುತ್ತಿದ್ದಳು.

ಉತ್ತರಾಯಣದ ಗಾಳಿಪಟಗಳು ಏರುವುದಕ್ಕೆ ಸ್ವಲ್ಪ ಮೊದಲು ಒಂದು ದಿನ ಬೆನ್ನಿಗೆ ಚೀಲ ಏರಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ತಾಪಿ ದಂಡೆಯಲ್ಲಿ ಪೋಂಕಿನ ಅಂಗಡಿಗಳು ಎದ್ದಿದ್ದ ಕಾಲ. ಎಳೆ ಜೋಳದ ಆ ಹಸಿರು ಕಾಳೆಂದರೆ ಪ್ರಾಣ ಬಿಡುವ ಹುಡುಗಿ. ಅವಳಪ್ಪ ಸ್ಕೂಟರಿನಲ್ಲಿ ಹೋಗಿ ಬಿಸಿಬಿಸಿ ಕಟ್ಟಿಸಿಕೊಂಡು ಬಂದರು. ಪೊಟ್ಟಣ ಮೇಜಿನ ಮೇಲೆ ಇದ್ದಲ್ಲೇ ತಣ್ಣಗಾಯಿತು.

"ಸ್ವಲ್ಪ ದಿವಸ ಇರ್ತೇನೆ ಅಮ್ಮ. ಬಸ್, ಏನೂ ಕೇಳ್ಬೇಡ" ಎಂದಳು.

ನಾನು ಕೇಳಲಿಲ್ಲ. ಕೇಳದೆ ಇರುವುದು ನನ್ನ ಜಾಯಮಾನವಲ್ಲ, ಅದಕ್ಕೆ ಎಷ್ಟು ಕಷ್ಟಪಟ್ಟೆನೆಂದು ನನಗೇ ಗೊತ್ತು. ವಿಷಯ ತಿಳಿದದ್ದು ಅವಳ ಜೊತೆ ಕೋಣೆಯಲ್ಲಿದ್ದ ಹುಡುಗಿ ಫೋನು ಮಾಡಿದಾಗ. ಕಾಲೇಜಿನಲ್ಲಿ ಎಲ್ಲರೂ ತಮ್ಮ ಚಿತ್ರಗಳನ್ನು ಗೋಡೆಗೆ ತೂಗುಹಾಕಿ, ಮೇಷ್ಟ್ರುಗಳ ಮುಂದೆ ನಿಂತು ಮಾತಾಡಬೇಕಿತ್ತಂತೆ. ಇವಳು ನಡುವೆಯೇ ಚಿತ್ರಗಳನ್ನು ಗೋಡೆಯಿಂದ ಇಳಿಸಿಕೊಂಡು ಹೊರಟುಬಿಟ್ಟಳಂತೆ. ಬೇಸಿಗೆ ರಜೆ ಮುಗಿದು ಕಾಲೇಜು ತೆರೆಯುವಾಗ ಹೋಗಿ ಮತ್ತೊಮ್ಮೆ ತೋರಿಸಬಹುದು. ಹೋಗದಿದ್ದರೆ ಓದು ಅಲ್ಲಿಗೇ ನಿಂತಿತು. "ಆಂಟೀ, ಅವಳನ್ನು ಕಳಿಸಿ" ಎಂದು ಆ ಹುಡುಗಿ ಹಿಂದಿಯಲ್ಲಿ ಅತ್ತೇಬಿಟ್ಟಳು. ಕಳಿಸುವುದು ಎಂದರೆ ದೋಸೆ ಪಾರ್ಸಲ್ಲೇ?

ಮಗಳು ಕೋಣೆಯ ಪರದೆ ಎಳೆದುಕೊಂಡು ವಿಡಿಯೋ ಗೇಮಿನ ಮುಂದೆ ಕೂತಳು. ಊಟಕ್ಕೆ ಕರೆದರೆ ತಟ್ಟೆ ಒಳಗೇ ಒಯ್ಯುತ್ತಿದ್ದಳು, ಅರ್ಧ ಉಳಿದ ತಟ್ಟೆ ಹೊರಗೆ ಬರುತ್ತಿತ್ತು. ಅಹಮದಾಬಾದಿನ ಒಂದು ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯಲ್ಲಿರುವ ನನ್ನ ಅಣ್ಣ ಫೋನಿನಲ್ಲೇ ತೀರ್ಪು ಕೊಟ್ಟ: "ಮೊದಲು ಆ ಆಟ ಬಂದ್ ಮಾಡ್ಸು. ತಲೆ ಹಾಳಾಗುದೇ ಅದ್ರಿಂದ." ಆಕಾಶದ ಲೆಕ್ಕ ಹಾಕುವವರಿಗೆ ಮನೆಯೊಳಗಿನದ್ದೆಲ್ಲ ಸುಲಭವಾಗಿ ಕಾಣುತ್ತದೆ. ನನ್ನ ಗಂಡ ಮಾತ್ರ "ಬಿಡು ಮಾರಾಯ್ತಿ, ಬೆಂಕಿ ಜಾಸ್ತಿ ಮಾಡಿದ್ರೆ ಇಡ್ಲಿ ಬೇಗ ಬೇಯ್ತದಾ?" ಎಂದು ಕೆಳಗೆ ಹೋಗಿ ಬೆಂಚಿನ ಮೇಲೆ ಮಲಗಿಬಿಟ್ಟರು.

ನನಗೆ ಮಲಗಲು ಆಗಲಿಲ್ಲ. ಒಂದು ಮಧ್ಯಾಹ್ನ ಹೋಗಿ ಅವಳ ಪಕ್ಕದಲ್ಲಿ ಕೂತೆ.

"ನಿಂಗೆ ಡರ್ ಆಗ್ತದೆ ಅಮ್ಮ, ನೋಡ್ಬೇಡ."

"ಎಂತ ಡರ್? ನಿನ್ನ ಅಪ್ಪನ ಗೊರಕೆ ಕೇಳಿ ಅಭ್ಯಾಸ ಉಂಟು ನಂಗೆ."

ಅವಳು ನಗಲಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟಳು, ನನಗೆ ಅಷ್ಟೇ ಬೇಕಿತ್ತು.

ಆಟದಲ್ಲಿ ಒಬ್ಬ ಹುಡುಗಿ ಬಹಳ ಕಾಲದ ಮೇಲೆ ತನ್ನ ಮನೆಗೆ ಬರುತ್ತಾಳೆ. ಮನೆಯಲ್ಲಿ ಯಾರೂ ಇಲ್ಲ. ಹುಡುಗಿಯ ಮುಖ ನಮಗೆ ಕಾಣುವುದಿಲ್ಲ, ಅವಳ ಕಣ್ಣಿಗೆ ಕಂಡದ್ದು ನಮಗೆ ಕಾಣುತ್ತದೆ. ಕೆಂಪು ನೆಲ, ಉದ್ದನೆಯ ಓಣಿ, ಎರಡೂ ಬದಿಗೆ ಬಾಗಿಲುಗಳು. ಒಮ್ಮೆ ತೆರೆದು ನೋಡಿದ ಕೋಣೆ ತಿರುಗಿ ಬರುವಷ್ಟರಲ್ಲಿ ಬೇರೆಯಾಗಿರುತ್ತದೆ. ಮಂಚವಿದ್ದಲ್ಲಿ ತೊಟ್ಟಿಲು, ಕಿಟಕಿಯಿದ್ದಲ್ಲಿ ಗೋಡೆ. ಹೊಡೆದಾಟವಿಲ್ಲ, ಬಂದೂಕಿಲ್ಲ, ಯಾರೂ ಕಿರುಚುವುದಿಲ್ಲ. ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು ಮಾತ್ರ ಕೇಳಿಸುತ್ತಿರುತ್ತದೆ. ಓಣಿಯ ತುದಿಯಲ್ಲಿ ಅಡುಗೆಮನೆ, ಅದರ ಬಾಗಿಲಲ್ಲಿ ಒಬ್ಬಳು ನಿಂತಿರುತ್ತಾಳೆ. ಬಡಕಲು ಹೆಂಗಸು, ಕೂದಲು ಮುಖದ ಮೇಲೆ. ಅವಳು ಕಂಡ ಕೂಡಲೇ ಓಡಬೇಕು. ಎಲ್ಲಿಗೆ ಓಡಿದೆವು, ಯಾವ ಬಾಗಿಲು ಹಾಕಿಕೊಂಡೆವು, ಕನ್ನಡಿ ನೋಡಿದೆವೋ ಇಲ್ಲವೋ ಎಂಬುದರ ಮೇಲೆ ಆಟದ ಕೊನೆ ಬದಲಾಗುತ್ತದೆ.

ಮಗಳು ಹಲವು ಕೊನೆಗಳನ್ನು ಕಂಡಾಗಿತ್ತು. ಒಂದರಲ್ಲಿ ಹುಡುಗಿ ಒಂದು ಕೋಣೆಯಲ್ಲಿ ಸಿಕ್ಕಿಬೀಳುತ್ತಾಳೆ, ಇನ್ನೊಂದರಲ್ಲಿ ಕನ್ನಡಿಯೊಳಗೆ ಹೋಗಿ ಕೂರುತ್ತಾಳೆ, ಮತ್ತೊಂದರಲ್ಲಿ ಮನೆಗೇ ಬೆಂಕಿ ಬೀಳುತ್ತದೆ. ಇವಳಿಗೆ ಬೇಕಾದದ್ದು ಬೇರೆ ಕೊನೆ. ಆ ಹೆಂಗಸು ತಾನಾಗಿಯೇ ಮುಂಬಾಗಿಲು ತೆರೆದು ಹೊರಗೆ ಹೋಗುವ ಕೊನೆಯೊಂದು ಉಂಟಂತೆ. ನೋಡಿದ್ದೇವೆ ಎಂದು ಇಂಟರ್ನೆಟ್ಟಿನಲ್ಲಿ ಕೆಲವರು ಹೇಳುತ್ತಿದ್ದರಂತೆ, ಹೇಗೆಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲವಂತೆ. ನಮ್ಮ ಅಡುಗೆಯವನ ರಸಂ ಪುಡಿಯ ಹಾಗೆ.

ಪರದೆಯ ಸಂದಿಯಿಂದ ಬಿಸಿಲಿನ ಒಂದು ಗೆರೆ ನೆಲದ ಮೇಲೆ ಬಿದ್ದು, ನಾವು ಕೂತಿದ್ದ ಹಾಗೆ ಮೆಲ್ಲಗೆ ಗೋಡೆ ಹತ್ತುತ್ತಿತ್ತು. ಕೆಳಗಿನ ಬೀದಿಯಲ್ಲಿ ಗುಜರಿಯವನ ಕೂಗು ಬಂದು, ದೂರ ಹೋಗಿ, ನೀರಿನಡಿಯಲ್ಲಿ ಕೇಳಿದಂತೆ ಕರಗುತ್ತಿತ್ತು. ಆಟದ ಓಣಿ ಮುಗಿದು ನಮ್ಮ ಓಣಿ ಶುರುವಾಗುವುದು ಎಲ್ಲೆಂದು ಎಷ್ಟೋ ಸಲ ನನಗೆ ತಿಳಿಯುತ್ತಿರಲಿಲ್ಲ. ಕೆಳಗಿಳಿಯುವಾಗ ನಮ್ಮ ಮೆಟ್ಟಿಲುಗಳೇ ಹೆಚ್ಚಾಗಿವೆ ಅನ್ನಿಸುತ್ತಿತ್ತು. ದಿನವೂ ಹೋಗಿ ಕೂರತೊಡಗಿದೆ. ಎದುರೆದುರು ಕೂತರೆ ಕಲ್ಲಾಗುವ ಮಗಳು, ಇಬ್ಬರೂ ಒಂದೇ ಕಡೆ ನೋಡುತ್ತ ಕೂತಾಗ ಒಂದೊಂದು ಮಾತಾಡುತ್ತಿದ್ದಳು.

ಒಂದು ದಿನ ಅವಳು ನೀರು ಕುಡಿಯಲು ಎದ್ದಾಗ ಆ ಎರಡು ಕೊಂಬಿನ ಕಂಟ್ರೋಲರ್ ನನ್ನ ಮಡಿಲಿಗೆ ಬಂತು. ಮೊದಲು ನಾನು ಬರೀ ಸೂರು ನೋಡಿದೆ, ಆಮೇಲೆ ಬರೀ ನೆಲ. ಗೋಡೆಗೆ ಮೂಗು ಉಜ್ಜಿಕೊಂಡೇ ಓಣಿಯುದ್ದಕ್ಕೂ ಹೋದೆ. ಕಡೆಗೆ ಹೇಗೋ ನೆಟ್ಟಗಾದಾಗ ಎದುರಿಗೆ ಅಡುಗೆಮನೆ, ಬಾಗಿಲಲ್ಲಿ ಅವಳು.

"ದೋಡ್ ಅಮ್ಮ, ದೋಡ್! ಓಡು!" ಎಂದು ಮಗಳು ಲೋಟ ಹಿಡಿದುಕೊಂಡೇ ಕೂಗಿದಳು.

ಓಡಲು ನನಗೆ ಬರಬೇಕಲ್ಲ! ಬಂದಿದ್ದರೂ ಓಡುತ್ತಿರಲಿಲ್ಲವೇನೋ. ಹೋಟೆಲಿನಲ್ಲಿ ಮೂರು ಗಂಟೆಯ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ಬಾಯಿ ಬಿಡದೆ ನಿಲ್ಲುವವರನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಹಜೀರಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು, ವರಾಛಾದಲ್ಲಿ ಬೆಳಗಿನಿಂದ ವಜ್ರ ಉಜ್ಜಿ ಕಣ್ಣು ಕೆಂಪಾದವರು. ಊಟ ಮುಗಿದಿದೆ ಎಂಬ ಬೋರ್ಡು ಓದಿಕೊಂಡೂ ನಿಂತಿರುತ್ತಾರೆ. ಅಂಥವರನ್ನು ಏನು ಬೇಕು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆ ಹೊತ್ತಿಗೆ ಅಲ್ಲಿ ನಿಂತವರಿಗೆ ಬೇಕಾದದ್ದು ಒಂದೇ.

"ಇವ್ಳಿಗೆ ಹಸಿವು ಮಾರಾಯ್ತಿ. ಅನ್ನ ಎಲ್ಲುಂಟು ನೋಡು" ಎಂದೆ.

"ಅಮ್ಮಾ! ಅದು ಭೂತ!"

"ಭೂತ ಆದ್ರೆ ಎಂತಾಯ್ತು? ಊರಲ್ಲಿ ಭೂತಕ್ಕೆ ನಾವು ಬಡಿಸುದಿಲ್ವಾ?"

ಆ ಅಡುಗೆಮನೆಯಲ್ಲಿ ಎಲ್ಲ ಇತ್ತು. ಆಟ ಮಾಡಿದವರು ಯಾರೋ ನಮ್ಮ ದೇಶದವರೇ ಇರಬೇಕು. ಒಲೆಯ ಮೇಲೆ ಅನ್ನದ ಪಾತ್ರೆ, ಪಕ್ಕದಲ್ಲಿ ಸಾರು, ಉಪ್ಪಿನಕಾಯಿ ಭರಣಿ, ಎತ್ತರದ ಹಲಗೆಯ ಮೇಲೆ ಮುಚ್ಚಿಟ್ಟ ಮಣ್ಣಿನ ಗಡಿಗೆ. ಯಾವ ಗುಂಡಿ ಒತ್ತಬೇಕೆಂದು ಮಗಳು ಒಂದೊಂದಾಗಿ ಹೇಳುತ್ತ ಹೋದಳು, ನಾನು ಒತ್ತಿದೆ. ತಟ್ಟೆ ಇಟ್ಟೆ. ಅನ್ನ ಬಿತ್ತು, ಸಾರು ಬಿತ್ತು. ಆ ಹೆಂಗಸು ಬಾಗಿಲು ಬಿಟ್ಟು ಬಂದು ಮಣೆಯ ಮೇಲೆ ಕೂತಳು. ಕೂದಲ ಮರೆಯಲ್ಲೇ ಉಣ್ಣತೊಡಗಿದಳು. ನಲ್ಲಿ ತೊಟ್ಟಿಕ್ಕುವುದು ನಿಂತಿತು. ಮುಗಿದಷ್ಟೂ ನಾನು ಬಡಿಸಿದೆ. ಬಹಳ ಹೊತ್ತು ಹಾಗೇ ನಡೆದು, ಬೆಳಕು ನಿಧಾನಕ್ಕೆ ಆರಿ, ಆಟ ಮುಗಿಯಿತು.

ನನಗೆ ಎಂಥ ಸಮಾಧಾನ! ಮಗಳು ಮಾತ್ರ ತಲೆಗೆ ಕೈ ಹೊತ್ತಳು. ಫೋನಿನಲ್ಲಿ ಹುಡುಕಿ ನೋಡಿದರೆ ಇದು ಎಲ್ಲೋ ಕೆಲವರಿಗೆ ಮಾತ್ರ ಸಿಕ್ಕಿದ ಕೊನೆಯಂತೆ. ಸಿಕ್ಕಿದವರೆಲ್ಲ ಇದನ್ನು ಕೆಟ್ಟ ಕೊನೆ ಎಂದೇ ಬರೆದಿದ್ದರಂತೆ.

"ಯಾಕೆ ಕೆಟ್ಟದ್ದು? ಉಣ್ತಾ ಇದ್ದಾಳಲ್ಲ?"

"ಅವ್ಳು ಎಂದೂ ಏಳುದೇ ಇಲ್ಲ ಅಮ್ಮ. ಹಮೇಶಾ ಅಲ್ಲೇ ಕೂತಿರ್ತಾಳೆ. ಹುಡುಗಿ ಹಮೇಶಾ ಬಡಿಸ್ತಾ ಇರ್ತಾಳೆ. ಘರ್‌ನಿಂದ ಇಬ್ರೂ ಹೊರಗೆ ಹೋಗುದೇ ಇಲ್ಲ."

"ಹೊಟ್ಟೆ ತುಂಬ ಊಟ ಉಂಟು, ತಲೆ ಮೇಲೆ ಸೂರುಂಟು, ಬಡಿಸ್ಲಿಕ್ಕೆ ಜನ ಉಂಟು. ಇದ್ಕಿಂತ ಒಳ್ಳೇ ಕೊನೆ ಬೇಕಾ?"

ಅವಳು ನನ್ನನ್ನೇ ನೋಡಿ ಇದ್ದಕ್ಕಿದ್ದಂತೆ ನಕ್ಕಳು. ಮನೆಗೆ ಬಂದ ಮೇಲೆ ಅದೇ ಮೊದಲ ನಗು. ನಾನೂ ನಕ್ಕೆ, ಆದರೆ ನಾನು ಹೇಳಿದ್ದು ತಮಾಷೆಗಲ್ಲ. ಅವಳು ಹಿಂತಿರುಗಿ ಹೋಗಬೇಕು ಎಂದು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದವಳೂ ನಾನೇ, ಹೋಗುವುದು ಬೇಡ, ಇಲ್ಲೇ ಇರಲಿ ಎಂದು ಒಳಗೊಳಗೇ ಆಸೆಪಡುತ್ತಿದ್ದವಳೂ ನಾನೇ. ಅವಳು ಹಾಸ್ಟೆಲಿಗೆ ಹೋದ ಮೇಲೆ ಮೇಲಿನ ಮನೆ ನಮಗೆ ಬರೀ ಮಲಗುವ ಜಾಗವಾಗಿತ್ತು. ಈಗ ಮತ್ತೆ ಅಲ್ಲಿ ಒಂದು ಜೀವ ಇತ್ತು. ಮುಖ ಬಾಡಿದ್ದರೇನು, ನನ್ನ ಕಣ್ಣೆದುರು ಇತ್ತು.

ಮರುದಿನ ಮಗಳು ತಾನೇ ಬಡಿಸಲು ಹೊರಟಳು. ತಟ್ಟೆ ಇಟ್ಟಳು. ಆಮೇಲೆ ಸೀದಾ ಹಲಗೆಯ ಮೇಲಿನ ಗಡಿಗೆ ಇಳಿಸಿದಳು. ಅದರಲ್ಲಿ ಇದ್ದದ್ದು ಮಜ್ಜಿಗೆ. ಲೋಟ ತುಂಬ ಹೊಯ್ದು ಆ ಹೆಂಗಸಿನ ಮುಂದೆ ಇಟ್ಟಳು. ಸೂರತ್ತಿನ ಹುಡುಗಿ ಅಲ್ಲವೇ, ಇಲ್ಲಿ ಛಾಸ್ ಬರದೆ ಊಟ ಶುರುವಾಗುವುದಿಲ್ಲ. ಮೊದಲ ರೊಟ್ಲಿಗಿಂತ ಮೊದಲೇ ಲೋಟ ಬಂದು ಕೂತಿರುತ್ತದೆ, ಖಾಲಿಯಾದ ಹಾಗೆ ತುಂಬುತ್ತಿರುತ್ತಾರೆ. ನಮ್ಮ ಹೋಟೆಲಿನಲ್ಲೂ ಹಾಗೆಯೇ, ಗಿರಾಕಿ ಹೇಳಿದ್ದೇ ಶಾಸ್ತ್ರ. ಮಗಳಿಗೆ ಮಜ್ಜಿಗೆ ಎಂದರೆ ಊಟದ ಬಾಗಿಲು.

ಆ ಹೆಂಗಸು ಲೋಟದೊಳಗೆ ನೋಡಿದಳು. ಖಾಲಿ ತಟ್ಟೆ ನೋಡಿದಳು. ಎದ್ದು ನಿಂತಳು. ಮನೆಯ ದೀಪಗಳೆಲ್ಲ ಒಂದೊಂದಾಗಿ ಆರಿ, ಕತ್ತಲೆಯಲ್ಲಿ ಯಾರೋ ಬಿಕ್ಕುವುದು ಕೇಳಿಸಿತು. ಮತ್ತೊಂದು ಕೆಟ್ಟ ಕೊನೆ.

"ಆ ಛಾಸ್ ನಕಾಮು, ಎಂತಕ್ಕೂ ಬರುದಿಲ್ಲ" ಎಂದು ಮಗಳು ಗೊಣಗಿ, ಅದರ ಸುದ್ದಿಗೆ ಮತ್ತೆ ಹೋಗಲಿಲ್ಲ.

ಉಡುಪಿ ಕಡೆಯ ಊಟದಲ್ಲಿ ಮಜ್ಜಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಸಾರು, ಸಾಂಬಾರು, ಪಾಯಸ ಎಲ್ಲ ಆಗಿ, ಸೌಟು ಹಿಡಿದು ಮಜ್ಜಿಗೆಯವನು ಸಾಲಿನ ತುದಿಯಲ್ಲಿ ಕಂಡನೆಂದರೆ ಊಟ ಮುಗಿಯಿತೆಂದು ಅರ್ಥ. ಏಳಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಜ್ಜಿಗೆ ಅನ್ನ ಉಂಡವರು ತಾವಾಗಿ ಕೈ ತೊಳೆಯಲು ಏಳುತ್ತಾರೆ. ಉಣ್ಣದವಳ ಮುಂದೆ ಮಜ್ಜಿಗೆ ತಂದಿಟ್ಟರೆ ಅವಳಿಗೆ ಹೇಗಾಗಬೇಡ! ಗಡಿಗೆ ಯಾವಾಗ ಇಳಿಯಬೇಕು ಎಂಬುದು ನನಗೆ ಆ ಕ್ಷಣವೇ ತಿಳಿದುಹೋಯಿತು. ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಆ ಹೆಂಗಸು ಎದ್ದು ಹೋಗುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ.

ಚೈತ್ರದ ಬಿಸಿಲು ಬಲಿಯಿತು. ತಾಪಿಯ ಮೇಲಿನ ಸೇತುವೆಗಳು ಬಿಸಿಗಾಳಿಯಲ್ಲಿ ನಡುಗುವಂತೆ ಕಾಣುತ್ತಿದ್ದವು. ನನಗೆ ಹಗಲುಗನಸುಗಳು ಹತ್ತಿಕೊಂಡವು. ಮಗಳ ಪಕ್ಕದಲ್ಲಿ ಗೋಡೆಗೊರಗಿದರೆ ಕಣ್ಣು ಎಳೆಯುತ್ತಿತ್ತು. ಸೌಟು ಹಿಡಿದು ಕೆಂಪು ನೆಲದ ಆ ಓಣಿಯಲ್ಲಿ ಹೋಗುತ್ತಿರುತ್ತೇನೆ. ಒಂದು ಬಾಗಿಲು ತೆರೆದರೆ ನಮ್ಮ ಹೋಟೆಲು, ಎಲ್ಲ ಮೇಜಿನಲ್ಲೂ ನನ್ನ ಮಗಳೇ ಕೂತಿದ್ದಾಳೆ. ಒಂದು ಮೇಜಿನಲ್ಲಿ ಹಾಲುಹಲ್ಲಿನವಳು, ಇನ್ನೊಂದರಲ್ಲಿ ಎರಡು ಜಡೆಯವಳು, ಕಿಟಕಿಯ ಬಳಿ ಈಗಿನವಳು. ನಾನು ಒಬ್ಬೊಬ್ಬಳಿಗೂ ಬಡಿಸುತ್ತ ಹೋಗುತ್ತೇನೆ, ಪಾತ್ರೆ ಬರಿದಾಗುವುದೇ ಇಲ್ಲ. ಅಷ್ಟು ಸುಖದ ಕನಸಿನಿಂದ ಎಚ್ಚರವಾದಾಗ ಮಾತ್ರ ಬಾಯಿ ಒಣಗಿರುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಮಗಳು ಕಣ್ಣು ಪರದೆಯಿಂದ ತೆಗೆಯದೆ, ಆಟ ನಿಲ್ಲಿಸದೆ, ವಡೋದರದಲ್ಲಿ ನಡೆದದ್ದನ್ನು ಹೇಳಿದಳು. ಅವಳು ಬಿಡಿಸಿದ್ದೆಲ್ಲ ನಮ್ಮ ಹೋಟೆಲನ್ನೇ. ಮೇಜುಗಳು, ಹಬೆಯಾಡುವ ಲೋಟಗಳು, ಉಣ್ಣುವವರ ಬೆನ್ನುಗಳು, ಗಲ್ಲಾದಲ್ಲಿ ಅಪ್ಪನ ಬೋಳು ನೆತ್ತಿ. ಗೋಡೆಯ ತುಂಬ ಅವೇ ಇದ್ದವಂತೆ. ಮೇಷ್ಟ್ರುಗಳು ಚೆನ್ನಾಗಿದೆ ಎಂದರಂತೆ. ಆಮೇಲೆ ಒಬ್ಬರು ಮೆತ್ತಗೆ ಕೇಳಿದರಂತೆ, ಇದನ್ನೆಲ್ಲ ನೋಡುವಾಗ ನೀನು ಎಲ್ಲಿದ್ದಿ?

"ಸಿಂಪಲ್ ಸವಾಲು ಅಮ್ಮ. ನಂಗೆ ಗೊತ್ತಾಗ್ಲಿಲ್ಲ. ಇಂಗ್ಲಿಷ್‌ನಲ್ಲಿ ಹುಡುಕ್ದೆ, ಗುಜರಾತಿಯಲ್ಲಿ ಹುಡುಕ್ದೆ, ನಿಮ್ಮ ಕನ್ನಡದಲ್ಲಿ ಹುಡುಕ್ದೆ. ಎಲ್ರೂ ಕಾಯ್ತಾ ಇದ್ರು. ನಾನು ಎಲ್ಲಿಯೂ ಇಲ್ಲ ಅಂತ ಅನ್ನಿಸ್ತು. ಚಿತ್ರದಲ್ಲಿ ಇಲ್ಲ, ಹೋಟೆಲಲ್ಲಿ ಇಲ್ಲ, ಅಲ್ಲಿ ಕೂಡ ಇಲ್ಲ. ಡರ್ ಆಯ್ತು. ತೆಗೊಂಡು ಬಂದುಬಿಟ್ಟೆ."

ಪರದೆಯ ಮೇಲೆ ಓಣಿ ಸುಮ್ಮನೆ ಹಿಂದೆ ಸರಿಯುತ್ತಿತ್ತು. ಇಷ್ಟು ದೊಡ್ಡ ದುಃಖಕ್ಕೆ ಇಷ್ಟು ಸಣ್ಣ ಪ್ರಶ್ನೆಯೇ ಎಂದು ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು, ಉತ್ತರ ನನಗೆ ಅಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ.

"ನೀನು ಅಡುಗೆಮನೆ ಬಾಗಿಲಲ್ಲಿ ಇದ್ದಿ" ಎಂದೆ.

ಅವಳು ತಿರುಗಿದಳು.

"ಒಳಗೆ ಬಂದ್ರೆ ಎಣ್ಣೆ ಹಾರ್ತದೆ ಅಂತ ನಾನು ಬೈತಿದ್ದೆ. ಹೊರಗೆ ಹೋದ್ರೆ ಗಿರಾಕಿಗಳ ಕಾಲಿಗೆ ಅಡ್ಡ ಬರ್ತಿ ಅಂತ ಅಪ್ಪ ಬೈತಿದ್ರು. ಶಾಲೆಯಿಂದ ಬಂದವಳು ಆ ಬಾಗಿಲಲ್ಲೇ ನಿಲ್ತಿದ್ದಿ. ಒಂಟಿ ಕಾಲಲ್ಲಿ. ಇನ್ನೊಂದು ಕಾಲು ಚೌಕಟ್ಟಿಗೆ ಒತ್ತಿ. ಅಲ್ಲೇ ಬಣ್ಣ ಹೋಗಿ ಒಂದು ಗುರುತು ಉಂಟು, ಈಗ್ಲೂ ಉಂಟು. ಹೋಗಿ ನೋಡು."

ಅವಳು ಕಂಟ್ರೋಲರ್ ಕೆಳಗಿಟ್ಟು ಎದ್ದುಹೋದಳು. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲಿಳಿಯುವ ಸದ್ದಾಯಿತು. ನಾನು ಕಿವಿಯಿಟ್ಟು ಕೂತೆ. ಕೆಳಗೆ ದೋಸೆಕಾವಲಿಗೆ ನೀರು ಚಿಮುಕಿಸಿದ ಚುಯ್ ಎಂಬ ಸದ್ದು ಬಂತು, ಅವಳಪ್ಪನ ದನಿ ಬಂತು. ಅವಳು ಬೇಗ ಮೇಲೆ ಬರಲಿಲ್ಲ. ಸಂಜೆ ನಾನು ಕೆಳಗೆ ಹೋದಾಗ, ಕಾಗದ ಸಿಕ್ಕಿಸಿದ ಹಲಗೆಯೊಂದನ್ನು ತೋಳಿಗೆ ಒರಗಿಸಿಕೊಂಡು ಆ ಬಾಗಿಲಲ್ಲಿ ನಿಂತು ಪೆನ್ಸಿಲ್ ಆಡಿಸುತ್ತಿದ್ದಳು. ನಿಂತದ್ದು ಒಂಟಿ ಕಾಲಿನಲ್ಲಿ. ಬಡಿಸುವವರು ಎರಡೂ ಕಡೆಯಿಂದ ಅವಳನ್ನು ಬಳಸಿಕೊಂಡು ಓಡಾಡುತ್ತಿದ್ದರು. ಈ ಸಲ ಅವಳನ್ನು ಯಾರೂ ಬೈಯಲಿಲ್ಲ.

ಆಮೇಲಿನ ವಾರಗಳಲ್ಲಿ ಕಾಗದಗಳು ಕೋಣೆಯ ತುಂಬ ಹರಡಿದವು. ಆದರೂ ಕಾಲೇಜಿನ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೇಜಿಗೆ ಊಟಕ್ಕೆ ಬರತೊಡಗಿದ್ದಳು. ಅದೇ ದೊಡ್ಡದೆಂದು ನಾನು ಒಂದರ ಮೇಲೊಂದು ಮಾಡಿ ಹಾಕುತ್ತಿದ್ದೆ. ಪತ್ರೊಡೆ, ಹಲಸಿನ ಕಡುಬು, ಮಾವಿನ ಹಣ್ಣಿನ ಸಾಸಿವೆ. "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎನ್ನುವುದನ್ನು ಕೇಳಿ ನನ್ನ ಗಂಡ ಒಂದು ದಿನ ಅಂದರು: "ಅವ್ಳು ಉಂಡಾಯ್ತು ಮಾರಾಯ್ತಿ. ನಿನ್ನ ಕೈಯೇ ನಿಲ್ಲುದಿಲ್ಲ."

ಮೊದಲ ಮಳೆ ಬಿದ್ದ ದಿನ ಮಗಳು ಬಹಳ ದಿನಗಳ ಮೇಲೆ ಆಟ ಹಚ್ಚಿದಳು. ಕಿಟಕಿಯ ಪರದೆ ಸರಿದೇ ಇತ್ತು. ಮಳೆಯ ಬೆಳಕಿಗೆ ಕೋಣೆಯೆಲ್ಲ ತಿಳಿನೀಲಿಯಾಗಿತ್ತು. ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟು "ನೀನೇ ಆಡು" ಎಂದು ನನ್ನ ಭುಜಕ್ಕೆ ತಲೆ ಆನಿಸಿ ಕೂತಳು.

ಈಗ ನನಗೆ ಓಣಿಯ ದಾರಿ ಚೆನ್ನಾಗಿ ಗೊತ್ತಿತ್ತು. ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಇಟ್ಟೆ, ಅನ್ನ ಹಾಕಿದೆ, ಸಾರು ಹಾಕಿದೆ. ಬಂದು ಕೂತು ಉಂಡಳು. ಮತ್ತೆ ಹಾಕಿದೆ. ಉಂಡಳು. ಮತ್ತೆ ಹಾಕಿದೆ.

"ನೋಡು ಅಮ್ಮ, ಅವ್ಳ ಕೈ ನೋಡು" ಎಂದಳು ಮಗಳು ಮೆಲ್ಲಗೆ. "ನಿಧಾನ ಆಗಿದೆ. ಹೊಟ್ಟೆ ತುಂಬಿ ಎಷ್ಟೋ ಹೊತ್ತಾಯ್ತು. ಅವ್ಳಿಗೂ ಹೋಗ್ಬೇಕು ಅಂತ ಉಂಟು. ಆದ್ರೆ ಹೀಗೆ ಬಡಿಸ್ತಾ ಇದ್ರೆ ಹೇಗೆ ಏಳುದು? ಸಾಕು ಅಂತ ಅವ್ಳಿಗೆ ಹೇಳ್ಲಿಕ್ಕೆ ಆಗುದಿಲ್ಲ."

ಅವಳು ಯಾರ ಬಗ್ಗೆ ಹೇಳುತ್ತಿದ್ದಾಳೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಲಗೆಯ ಕಡೆ ತಿರುಗಿದೆ. ಗಡಿಗೆ ಅಲ್ಲೇ ಇತ್ತು. ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಎಷ್ಟು ಹೊತ್ತು ಕೂತೆನೋ. ಆಮೇಲೆ ಒತ್ತಿದೆ. ತಟ್ಟೆಯಲ್ಲಿ ಉಳಿದ ಅನ್ನದ ಮೇಲೆ ಮಜ್ಜಿಗೆ ಬಿತ್ತು.

"ಅರೆ, ಛಾಸ್ ಈಗ್ಯಾಕೆ?" ಎಂದು ಮಗಳು ತಲೆ ಎತ್ತಿದಳು.

"ನಮ್ಮಲ್ಲಿ ಇದು ಕೊನೆಗೆ. ಇದು ಬಂದ್ರೆ ಊಟ ಮುಗೀತು ಅಂತ. ಇನ್ನು ಅವ್ಳು ಏಳ್ಬಹುದು."

ಆ ಹೆಂಗಸು ಮಜ್ಜಿಗೆ ಅನ್ನವನ್ನು ಕಲಸಿ ಉಂಡಳು. ಕೈ ತೊಳೆದಳು. ಒದ್ದೆ ಕೈಯಿಂದ ಕೂದಲನ್ನು ಹಿಂದೆ ಸರಿಸಿದಾಗ ಮುಖ ಕಂಡಿತು. ಸಾಧಾರಣ ಮುಖ, ಹುಡುಗಿಯದ್ದು. ಇಷ್ಟು ದಿನ ಯಾರ ಕಣ್ಣಿನಿಂದ ನಾವು ನೋಡುತ್ತಿದ್ದೆವೋ ಅವಳದ್ದೇ ಮುಖವಿರಬೇಕು. ನಮ್ಮನ್ನು ದಾಟಿ ಓಣಿಯುದ್ದಕ್ಕೂ ಅವಸರವಿಲ್ಲದೆ ನಡೆದುಹೋಗಿ ಮುಂಬಾಗಿಲು ತೆರೆದಳು. ಹೊರಗೆ ಅಂಥದ್ದೇನೂ ಇರಲಿಲ್ಲ. ಒಂದು ಬೀದಿ, ತಂತಿಯ ಮೇಲೆ ಒಣಗಿದ ಬಟ್ಟೆ, ಹಗಲು. ಯಾವುದೋ ಸ್ಕೂಟರಿನ ಸದ್ದು ದೂರವಾಗುತ್ತ ಹೋಯಿತು. ಪರದೆ ಬೆಳ್ಳಗಾಯಿತು. ಅದು ಆಟದ ಸ್ಕೂಟರೋ ನಮ್ಮ ಬೀದಿಯದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಗಳು ಕುಣಿದಾಡುತ್ತಾಳೆಂದು ಎಣಿಸಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬೆಳ್ಳಗಿನ ಪರದೆಯನ್ನೇ ನೋಡುತ್ತ ಕೂತಳು. ಈ ಆಟವನ್ನು ನಾವು ಮತ್ತೆ ಹ‌ಚ್ಚಲಿಲ್ಲ.

ಅದಾಗಿ ಕೆಲವು ದಿನಗಳಿಗೆ ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಮೂವರೂ ಮೇಲೆ ಸೇರಿದೆವು. ಹೊರಗೆ ಸಣ್ಣ ಮಳೆ ಬರುತ್ತಿತ್ತು. ಎಂದಿನಂತೆ ಮಗಳ ತಟ್ಟೆಯ ಬಲಕ್ಕೆ ಛಾಸಿನ ಲೋಟ ಇಟ್ಟೆ. ಅವಳು ಅದನ್ನು ಎತ್ತಿ ಮೇಜಿನ ಆಚೆ ತುದಿಗೆ ಸರಿಸಿದಳು.

"ಈಗ ಬೇಡ" ಎಂದಳು.

ಅನ್ನಕ್ಕೆ ಸಾರು ಹಾಕಿಸಿಕೊಂಡಳು, ಚೆನ್ನಾಗಿ ಉಂಡಳು. ಹುಳಿ ಹಾಕಿಸಿಕೊಂಡಳು. ಪಲ್ಯ ಎರಡನೇ ಸಲ ಕೇಳಿದಳು. ಅಪ್ಪ ಏನೋ ಹೇಳಿದ್ದಕ್ಕೆ ಬಾಯಿ ತುಂಬ ಅನ್ನವಿಟ್ಟುಕೊಂಡೇ ನಕ್ಕಳು. ನಾನು ಸೌಟು ಹಿಡಿದು ಅವಳ ಹಿಂದೆಯೇ ನಿಂತಿದ್ದೆ. ಅವಳ ಕೋಣೆಯ ಬಾಗಿಲು ತೆರೆದಿತ್ತು. ಚಿತ್ರಗಳನ್ನೆಲ್ಲ ಸುರುಳಿ ಸುತ್ತಿ, ದಾರ ಕಟ್ಟಿ, ಬೆನ್ನುಚೀಲದ ಪಕ್ಕದಲ್ಲಿ ಗೋಡೆಗೆ ಆನಿಸಿ ಇಟ್ಟದ್ದು ಆಗ ಕಣ್ಣಿಗೆ ಬಿತ್ತು.

"ಇನ್ನು ಸ್ವಲ್ಪ ಅನ್ನ?" ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಎಂಜಲು ಕೈ ತಟ್ಟೆಯ ಮೇಲೆ, ಇನ್ನೊಂದು ಕೈ ನನ್ನ ಸೆರಗಿನ ತುದಿಯಲ್ಲಿತ್ತು.

"ಅಮ್ಮ, ಈಗ ಮಜ್ಜಿಗೆ ಹಾಕು."

ಲೋಟ ಎತ್ತಿಕೊಂಡು ಬಂದು ಹಾಕಿದೆ. ಜಾಸ್ತಿಯೇ ಬಿತ್ತು, ತಟ್ಟೆಯ ಅಂಚಿನವರೆಗೆ ಹರಿಯಿತು. ಅವಳು ಅದನ್ನು ಬೆರಳಿನಿಂದ ಒಳಗೆ ಎಳೆದುಕೊಂಡು, ಒಂದು ಅಗುಳೂ ಬಿಡದೆ ಉಂಡು, ಕೈ ತೊಳೆಯಲು ಎದ್ದಳು.